ಕೆಡವುವ ಮೊದಲು ಒಂದು ಮಳೆಗಾಲ

(ಕೊಕ್ಕರ್ಣೆ ಪರಿಸರದ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹರೂಪ)



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮನೆ ಕಟ್ಟುವವನ ಚಿಂತೆ ಕಲ್ಲು, ಮರ, ಆಳು, ಹಣ ಇಷ್ಟರದ್ದೇ ಆಗಿತ್ತು. ಇಂದು ಅವುಗಳೊಂದಿಗೆ ಪಹಣಿ, ಭೂಪರಿವರ್ತನೆ, ನಮೂನೆ 9 ಮತ್ತು 11, ಪಂಚಾಯತಿಯ ಪರವಾನಗಿ, ಮರಳಿನ ಅಭಾವ ಎಲ್ಲವೂ ಸೇರಿಕೊಂಡಿವೆ. ಆದರೂ ಸೀತಾನದಿಯ ಇಕ್ಕೆಲದ ಊರುಗಳಲ್ಲಿ, ಕೊಕ್ಕರ್ಣೆಯಿಂದ ಹೆಬ್ರಿಯ ಕಾಡಿನಂಚಿನವರೆಗೆ, ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಮರೆಯಾಗುತ್ತಿವೆ. ಹೆಚ್ಚಿನ ಕಡೆ ಕ್ರಮ ಒಂದೇ: ಮೊದಲು ಹಳೆಯ ಮನೆಯನ್ನು ಕೆಡವುವುದು, ಆಮೇಲೆ ಕಾಗದಪತ್ರ ಹುಡುಕುವುದು, ಕೊನೆಗೆ ಮಳೆ ಬರುವಾಗ ನೀರು ಎಲ್ಲಿ ಹೋಗುತ್ತದೆ ಎಂದು ನೋಡುವುದು. ಈ ಕ್ರಮ ತಿರುಗುಮುರುಗಾಗಿದೆ ಎಂಬುದೇ ಈ ಉಪನ್ಯಾಸದ ತಿರುಳು. ಮೊದಲು ನೀರನ್ನು ನೋಡಬೇಕು. ಬಳಿಕ ಕಾಗದವನ್ನು ನೋಡಬೇಕು. ಹಾರೆ ಎತ್ತಬೇಕೇ ಬೇಡವೇ ಎಂಬುದನ್ನು ಕೊನೆಯಲ್ಲಿ ತೀರ್ಮಾನಿಸಬೇಕು.

ಮಣ್ಣಿನ ಗೋಡೆ ನಿಲ್ಲುವುದು ಹೇಗೆ?

‘ಮಣ್ಣಿನ ಮನೆ, ಎಷ್ಟು ದಿನ ಬಾಳೀತು?’ ಎಂದು ಕೇಳುವವರಿಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಕೊಕ್ಕರ್ಣೆಯ ಸಮೀಪದ ಸೂರಾಲಿನಲ್ಲಿ ತೊಳಹ ಅರಸರ ಮಣ್ಣಿನ ಅರಮನೆ ಶತಮಾನಗಳಿಂದ ನಿಂತಿದೆ. ಒಂದು ಕಾಲಕ್ಕೆ ಜೀರ್ಣವಾಗಿದ್ದ ಅದನ್ನು ಈಚಿನ ದಶಕಗಳಲ್ಲಿ ದುರಸ್ತಿ ಮಾಡಲಾಗಿದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆಯಲ್ಲಿ ಮಣ್ಣಿನ ಗೋಡೆ ಇಷ್ಟು ಕಾಲ ಉಳಿದದ್ದು ಪವಾಡವಲ್ಲ. ಮಣ್ಣಿನ ಗೋಡೆಗೆ ಬೇಕಾದವು ಎರಡೇ: ತಲೆಯ ಮೇಲೆ ಸೋರದ ಮಾಡು, ಪಾದದ ಬಳಿ ನೀರು ನಿಲ್ಲದ ಪಂಚಾಂಗ. ಇವೆರಡೂ ಸರಿಯಿದ್ದರೆ ನಡುವಿನ ಗೋಡೆ ತನ್ನಷ್ಟಕ್ಕೆ ನಿಂತಿರುತ್ತದೆ. ಇವೆರಡರಲ್ಲಿ ಒಂದು ಕೆಟ್ಟರೂ ಎಷ್ಟು ದಪ್ಪದ ಗೋಡೆಯಾದರೂ ಕರಗುತ್ತದೆ.

ಇಲ್ಲಿನ ಹಿರಿಯರು ಕಟ್ಟಿದ ಮನೆಗಳಲ್ಲಿ ಈ ತಿಳಿವಳಿಕೆ ಎದ್ದು ಕಾಣುತ್ತದೆ. ಸೂರು ಗೋಡೆಯಿಂದ ಎರಡೂವರೆ ಮೂರು ಅಡಿ ಹೊರಚಾಚಿರುತ್ತದೆ. ಜಗಲಿ ಅಂಗಳದಿಂದ ಎತ್ತರದಲ್ಲಿರುತ್ತದೆ. ಸೂರಿನ ನೀರು ಬೀಳುವ ಗೆರೆಯುದ್ದಕ್ಕೂ ಕಲ್ಲು ಹಾಸಿ, ಸಿಡಿದ ಹನಿ ಗೋಡೆಯನ್ನು ಮುಟ್ಟದಂತೆ ಮಾಡಿರುತ್ತಾರೆ. ಮುಳಿಹುಲ್ಲಿನ ಮಾಡಿಗೆ ಬದಲಾಗಿ ಹೆಂಚು ಬಂದದ್ದು ಬಹಳ ಹಿಂದಿನ ಸಂಗತಿಯೇನಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹೆಂಚು ಬಂದರೂ ಇಳಿಜಾರು ಉಳಿಯಿತು, ಸೂರು ಉಳಿಯಿತು. ಮೇಲಿನ ವಸ್ತು ಬದಲಾದರೂ ನೀರಿನ ಲೆಕ್ಕ ಬದಲಾಗಲಿಲ್ಲ.

ಈ ಲೆಕ್ಕ ತಪ್ಪಿದ್ದು ಚಪ್ಪಟೆ ತಾರಸಿ ಬಂದಾಗ. ನಾಲ್ಕು ತಿಂಗಳ ಜಡಿಮಳೆಯನ್ನು ತಾರಸಿ ತಾಳಲಾರದೆ ಸೋರತೊಡಗಿದ ಮೇಲೆ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಮಾಡು ಹಾಕಿಸುವುದು ಇಂದು ಉಡುಪಿ ಜಿಲ್ಲೆಯ ಯಾವ ಊರಿನಲ್ಲೂ ಕಾಣುವ ದೃಶ್ಯ. ಅಂದರೆ ಮನೆಯೊಡೆಯ ಎರಡು ಮಾಡುಗಳಿಗೆ ಹಣ ತೆರುತ್ತಾನೆ, ಮತ್ತು ಕೊನೆಗೆ ಇಳಿಜಾರಿಗೇ ಹಿಂದಿರುಗುತ್ತಾನೆ. ಹೊಸ ಮನೆ ಕಟ್ಟುವವರು ಮೊದಲೇ ಇಳಿಜಾರಿನ ಮಾಡನ್ನು ಆರಿಸಿಕೊಂಡರೆ ಒಂದು ಮಾಡಿನ ಖರ್ಚು ಉಳಿಯುತ್ತದೆ. ತಾರಸಿಯೇ ಬೇಕೆನ್ನುವವರು ಕಾಂಕ್ರೀಟಿಗೆ ನೀರುಣಿಸುವುದರಲ್ಲಿ ಜಿಪುಣತನ ಮಾಡಬಾರದು. ಸಾದಾ ಸಿಮೆಂಟಾದರೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಮಾರಾಟವಾಗುವ ಬೂದಿ ಮಿಶ್ರಿತ ಸಿಮೆಂಟಾದರೆ ಕನಿಷ್ಠ 10 ದಿನ ಮೇಲ್ಮೈ ಒಣಗದಂತೆ ನೀರು ನಿಲ್ಲಿಸಬೇಕು ಎಂಬುದು ಭಾರತೀಯ ಮಾನಕದ ನಿಯಮ.

ಒಂದು ಮಳೆಗಾಲದ ಪರೀಕ್ಷೆ

ಹಳೆಯ ಮನೆಯನ್ನು ಕೆಡವಬೇಕೆಂದು ಮನಸ್ಸು ಮಾಡಿದವರು ಅದನ್ನು ಒಂದು ಮಳೆಗಾಲ ಪೂರ್ತಿ ಪರೀಕ್ಷಿಸಬೇಕು. ಬೇಸಿಗೆಯಲ್ಲಿ ಎಲ್ಲ ಮನೆಗಳೂ ಗಟ್ಟಿಯಾಗಿಯೇ ಕಾಣುತ್ತವೆ. ಆಷಾಢದ ಒಂದು ಮಧ್ಯಾಹ್ನ ಸೀಮೆಸುಣ್ಣ ಹಿಡಿದು ಚಾವಡಿ, ಕೋಣೆ, ಅಡುಗೆಮನೆ, ಅಟ್ಟಗಳನ್ನು ಸುತ್ತಿ, ಸೋರುವ ಕಡೆಯಲ್ಲೆಲ್ಲ ಗುರುತು ಹಾಕಬೇಕು. ಮಾಡಿನಿಂದ ಇಳಿಯುವ ನೀರು ಯಾವುದು, ನೆಲದಿಂದ ಏರುವ ಒದ್ದೆ ಯಾವುದು, ಗಾಳಿಮಳೆಗೆ ಪಕ್ಕದಿಂದ ಹೊಡೆಯುವ ಇರಚಲು ಯಾವುದು ಎಂದು ಬೇರೆ ಬೇರೆಯಾಗಿ ಬರೆದಿಡಬೇಕು. ಮೂರಕ್ಕೂ ಮದ್ದು ಬೇರೆ.

ಮಾಡಿನ ಸೋರಿಕೆಗೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಕೆಲವೇ ಒಡೆದ ಹೆಂಚುಗಳು, ಅಥವಾ ಬಾಗಿದ ರೀಪುಗಳು. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಹತ್ತಿಪ್ಪತ್ತು ಹೆಂಚು ಬದಲಿಸಿದರೆ ನಿಲ್ಲುವ ಸೋರಿಕೆಗಾಗಿ ಇಡೀ ಮನೆಯನ್ನು ಉರುಳಿಸುವುದು ವಿವೇಕವಲ್ಲ. ಪಕಾಸು ಮತ್ತು ರೀಪುಗಳನ್ನು ಚೂಪಾದ ಮೊಳೆಯಿಂದ ಅಲ್ಲಲ್ಲಿ ಚುಚ್ಚಿ ನೋಡಬೇಕು. ಮೊಳೆ ಸಲೀಸಾಗಿ ಒಳನುಗ್ಗಿದ ತುಂಡನ್ನು ಬದಲಿಸಿ, ತಡೆದು ನಿಂತದ್ದನ್ನು ಉಳಿಸಿಕೊಳ್ಳಬಹುದು. ನೂರು ವರ್ಷದ ಹಲಸಿನ ಅಥವಾ ಭೋಗಿಯ ಮರ ಇಂದಿನ ಅಂಗಡಿಯಲ್ಲಿ ಅದೇ ಗುಣದಲ್ಲಿ ಸಿಗುವುದು ಕಷ್ಟ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಡುಗೆಮನೆಯಲ್ಲಿ ಕಟ್ಟಿಗೆಯ ಒಲೆ ಉರಿಯುತ್ತಿದ್ದಷ್ಟು ಕಾಲ ಅದರ ಹೊಗೆ ಮಾಡಿನ ಮರವನ್ನು ಒಣಗಿಸಿ, ಹುಳು ಹತ್ತದಂತೆ ಕಾಯುತ್ತಿತ್ತು. ಅಡುಗೆ ಅನಿಲ ಬಂದು ಹೆಂಗಸರ ಕಣ್ಣು, ಶ್ವಾಸಕೋಶಗಳು ಉಳಿದವು. ಅದು ಒಳ್ಳೆಯದೇ ಆಯಿತು. ಆದರೆ ಮರಕ್ಕಿದ್ದ ಕಾವಲು ಹೋಯಿತು. ಆದ್ದರಿಂದ ಹೊಗೆ ನಿಂತ ಮನೆಯ ಮಾಡನ್ನು ಪ್ರತಿವರ್ಷ ಬೇಸಿಗೆಯಲ್ಲಿ ಗುಡಿಸಿ, ಮರಕ್ಕೆ ಗೋಡಂಬಿ ಸಿಪ್ಪೆಯ ಎಣ್ಣೆ ಅಥವಾ ಮಾರುಕಟ್ಟೆಯ ಮರರಕ್ಷಕ ಬಳಿಯುವುದು ಅಗತ್ಯ. ಗೆದ್ದಲು, ಅಂದರೆ ಊರಿನ ಮಾತಿನ ಒರಲೆ, ಮಾಡಿಗೆ ಹಾರಿ ಬರುವುದು ಕಡಮೆ. ನೆಲದಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಗೋಡೆ ಹತ್ತುತ್ತದೆ. ತಿಂಗಳಿಗೊಮ್ಮೆ ಗೋಡೆಯ ಬುಡವನ್ನು ನೋಡಿ ಆ ಕೊಳವೆಗಳನ್ನು ಕೆರೆದು ಹಾಕಿದರೆ ಅದರ ಅರ್ಧ ಬಲ ಮುರಿಯುತ್ತದೆ. ಗೋಡೆಗೆ ಒತ್ತಿ ಕಟ್ಟಿಗೆ, ತೆಂಗಿನ ಮಡಲು, ಹುಲ್ಲು ರಾಶಿ ಹಾಕುವುದೆಂದರೆ ಒರಲೆಗೆ ಏಣಿ ಇಟ್ಟುಕೊಟ್ಟಂತೆ.

ನೆಲದಿಂದ ಏರುವ ಒದ್ದೆಗೆ ಇಂದು ಎಲ್ಲರೂ ಮಾಡುವ ಚಿಕಿತ್ಸೆ ಸಿಮೆಂಟ್ ಗಾರೆ. ಮಣ್ಣಿನ ಗೋಡೆಗೆ ಇದಕ್ಕಿಂತ ಹಾನಿಕರವಾದದ್ದು ಬೇರೆ ಇಲ್ಲ. ಮಣ್ಣಿನ ಗೋಡೆ ನೆಲದ ತೇವವನ್ನು ಸ್ವಲ್ಪ ಹೀರಿ, ಗಾಳಿಗೆ ಬಿಟ್ಟುಕೊಡುತ್ತಿರುತ್ತದೆ. ಸಿಮೆಂಟಿನ ಪದರ ಆ ದಾರಿಯನ್ನು ಮುಚ್ಚುತ್ತದೆ. ತೇವ ಒಳಗೇ ನಿಂತು ಮೇಲಕ್ಕೆ ಏರುತ್ತದೆ, ಗಾರೆಯ ಹಿಂದಿನ ಮಣ್ಣು ಮೆತ್ತಗಾಗುತ್ತದೆ, ನಾಲ್ಕೈದು ವರ್ಷಗಳಲ್ಲಿ ಗಾರೆ ಹಲಗೆ ಹಲಗೆಯಾಗಿ ಕಳಚಿ ಬೀಳುತ್ತದೆ. ಆಗ ‘ಮಣ್ಣಿನ ಗೋಡೆ ಕೆಟ್ಟಿತು’ ಎನ್ನುತ್ತಾರೆ. ಕೆಡಿಸಿದ್ದು ಸಿಮೆಂಟು. ಸರಿಯಾದ ಕ್ರಮವೆಂದರೆ ಮನೆಯ ಸುತ್ತ ಅಂಗಳವನ್ನು ಹೊರಕ್ಕೆ ಇಳಿಜಾರು ಮಾಡುವುದು, ಸೂರಿನ ನೀರಿಗೆ ಕಲ್ಲಿನ ಚರಂಡಿ ಕೊಡುವುದು, ಗೋಡೆಗೆ ಮಣ್ಣು ಅಥವಾ ಸುಣ್ಣದ ಗಾರೆಯನ್ನೇ ಬಳಸುವುದು.

ಬಿರುಕುಗಳ ಪರೀಕ್ಷೆ ಇನ್ನೂ ಸರಳ. ಬಿರುಕಿಗೆ ಅಡ್ಡವಾಗಿ ಒಂದು ಕಾಗದದ ಪಟ್ಟಿಯನ್ನು ಗೋಂದಿನಿಂದ ಅಂಟಿಸಿ ದಿನಾಂಕ ಬರೆಯಬೇಕು. ಮಳೆಗಾಲ ಮುಗಿದ ಮೇಲೂ ಕಾಗದ ಹರಿಯದೆ ಇದ್ದರೆ ಅದು ಹಳೆಯ ಗಾಯ, ಮುಚ್ಚಿದರಾಯಿತು. ಕಾಗದ ಹರಿದಿದ್ದರೆ, ಬಿರುಕು ಮೇಲಕ್ಕೆ ಹೋದಂತೆ ಅಗಲವಾಗುತ್ತಿದ್ದರೆ, ತೂಕದ ದಾರ ಬಿಟ್ಟಾಗ ಗೋಡೆ ಹೊರಕ್ಕೆ ವಾಲಿದ್ದು ಕಂಡರೆ ಅಡಿಪಾಯವೇ ಚಲಿಸುತ್ತಿದೆ. ಅಂಥ ಮನೆಯಲ್ಲಿ ಮಕ್ಕಳನ್ನು ಮಲಗಿಸಬಾರದು. ಹಳೆಯದೆಂಬ ಪ್ರೀತಿಯಿಂದ ಅಪಾಯದ ಗೋಡೆಯನ್ನು ಉಳಿಸಿಕೊಳ್ಳುವುದು ಪರಿಸರಪ್ರೇಮವಲ್ಲ. ಕೆಡವಲೇಬೇಕಾದ ಮನೆ ಇದ್ದೇ ಇರುತ್ತದೆ.

ಕೆಡವುವಾಗಲೂ ಕಲ್ಲು, ಮರ, ಹೆಂಚು, ಬಾಗಿಲುಗಳನ್ನು ಬಿಡಿಬಿಡಿಯಾಗಿ ಇಳಿಸಿ ಗುರುತು ಹಾಕಬಹುದು. 1974ರ ಭೂಸುಧಾರಣೆಯ ಅನಂತರ ದೊಡ್ಡ ಕುಟುಂಬಗಳು ಒಡೆದು, ದೊಡ್ಡ ಮನೆಗಳನ್ನು ನೋಡಿಕೊಳ್ಳುವವರಿಲ್ಲದೆ ಕರಾವಳಿಯಲ್ಲಿ ಅನೇಕ ಮನೆಗಳು ಬಿದ್ದವು. ಮಣಿಪಾಲದ ವಿಜಯನಾಥ ಶೆಣೈ ಅವರು ಅಂಥ ಮನೆಗಳನ್ನು ತುಂಡು ತುಂಡಾಗಿ ಬಿಚ್ಚಿ ತಂದು ‘ಹಸ್ತಶಿಲ್ಪ’ ಪಾರಂಪರಿಕ ಗ್ರಾಮದಲ್ಲಿ ಮರುಜೋಡಿಸಿದರು. ಚೌಕಿ ಮನೆಯಂಥ ದೊಡ್ಡ ಕಟ್ಟಡವನ್ನೇ ಬಿಚ್ಚಿ ಕಟ್ಟಬಹುದಾದರೆ, ಸಾಮಾನ್ಯ ಮನೆಯ ಮುರಕಲ್ಲು ಮತ್ತು ಪಕಾಸುಗಳನ್ನು ಅದೇ ಹಿತ್ತಿಲಿನ ಹೊಸ ಮನೆಗೆ ಬಳಸುವುದು ಅಸಾಧ್ಯವೇನಲ್ಲ. 2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಕೆಂಪುಕಲ್ಲು ಹಾಗೂ ಮರಳು ಸಿಗದೆ ಕಟ್ಟಡದ ಕೆಲಸಗಳು ನಿಂತು, ಕೂಲಿಕಾರರು ಕೆಲಸವಿಲ್ಲದೆ ಕುಳಿತದ್ದನ್ನು ಎಲ್ಲರೂ ಕಂಡಿದ್ದಾರೆ. ಆ ದಿನಗಳಲ್ಲಿ ಹಳೆಯ ಗೋಡೆಯ ಕಲ್ಲನ್ನು ಜೆಸಿಬಿಯಿಂದ ಪುಡಿ ಮಾಡಿಸಿ ತಗ್ಗಿಗೆ ತುಂಬಿಸಿದ್ದವರು ಪಶ್ಚಾತ್ತಾಪಪಟ್ಟಿರಬಹುದು.

ಕಾಗದದ ಅಡಿಪಾಯ

ಇನ್ನು ಕಾಗದಪತ್ರದ ವಿಷಯ. ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಅಜ್ಜನ ಕಾಲದ ಮನೆ, ಪಂಚಾಯತಿಯ ಮನೆ ನಂಬ್ರ ಇದೆ, ತೆರಿಗೆ ಕಟ್ಟಿದ ರಸೀದಿ ಇದೆ. ಸಾಲ ಸಿಗುತ್ತದೆಂಬ ನಂಬಿಕೆಯಿಂದ ಮಾರ್ಗಶಿರದಲ್ಲಿ ಮನೆ ಕೆಡವುತ್ತಾರೆ. ಬ್ಯಾಂಕಿಗೆ ಹೋದರೆ ಪಹಣಿಯಲ್ಲಿ ಐದು ಜನರ ಹೆಸರು; ಇಬ್ಬರು ಮುಂಬಯಿಯಲ್ಲಿ, ಒಬ್ಬರು ತೀರಿಕೊಂಡಿದ್ದಾರೆ. ಅಳತೆ ಮಾಡಿಸಿದರೆ ಮನೆಯ ಅರ್ಧ ಭಾಗ ವರ್ಗದ ಜಾಗದಲ್ಲಿ, ಇನ್ನರ್ಧ ಕುಮ್ಕಿಯಲ್ಲಿ. ಹಳೆಯ ಮನೆ ನಿಂತಿದ್ದಷ್ಟು ಕಾಲ ಯಾರೂ ಕೇಳದಿದ್ದ ಪ್ರಶ್ನೆಗಳೆಲ್ಲ ಅದು ಬಿದ್ದ ಮರುದಿನ ಎದ್ದು ನಿಲ್ಲುತ್ತವೆ. ಜ್ಯೇಷ್ಠದ ಮೊದಲ ಮಳೆ ಬರುವಾಗ ಆ ಸಂಸಾರ ಹಟ್ಟಿಯ ಪಕ್ಕದಲ್ಲಿ ಟಾರ್ಪಾಲಿನ ಕೆಳಗಿರುತ್ತದೆ. ಇದು ಕಲ್ಪಿತ ಚಿತ್ರವಾದರೂ ಈ ಸೀಮೆಯವರಿಗೆ ಅಪರಿಚಿತವಲ್ಲ.

ಆದ್ದರಿಂದ ಮೊದಲು ಜಾಗದ ಜಾತಕ ನೋಡಬೇಕು. ಪಹಣಿಯಲ್ಲಿ ಯಾರ ಹೆಸರಿದೆ, ಪಾಲುಪಟ್ಟಿ ನೋಂದಣಿಯಾಗಿದೆಯೇ, ಅದರಂತೆ ಹಕ್ಕು ಬದಲಾವಣೆ ಆಗಿದೆಯೇ, ಭಾಗವಾದ ಜಾಗಕ್ಕೆ 11ಇ ನಕ್ಷೆ ಆಗಿದೆಯೇ ಎಂಬುದನ್ನು ವಿಚಾರಿಸಬೇಕು. ತೀರಿಕೊಂಡವರ ಹೆಸರು ಪಹಣಿಯಲ್ಲಿ ಉಳಿದಿದ್ದರೆ ಪೌತಿ ಖಾತೆಯ ಅರ್ಜಿಯನ್ನು ಕೂಡಲೇ ಕೊಡಬೇಕು. ಸಹೋದರ ಸಹೋದರಿಯರ ನಡುವೆ ಪ್ರೀತಿ ಇರುವಾಗಲೇ ಇದನ್ನು ಮುಗಿಸುವುದು ಲೇಸು. ಹೊಸ ಮನೆ ಎದ್ದ ಮೇಲೆ ಜಾಗದ ಬೆಲೆ ಏರುತ್ತದೆ, ಮಾತು ಏರುತ್ತದೆ.

ಜಮೀನು ಕೃಷಿಯದ್ದಾದರೆ, ವಾಸದ ಮನೆಗೆ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೆಯ ಕಲಮಿನಂತೆ ಭೂಪರಿವರ್ತನೆ ಬೇಕು. ಆದರೆ ಕೃಷಿಕನು ತನ್ನ ಕೃಷಿಯ ಅನುಕೂಲಕ್ಕಾಗಿ ತನ್ನ ಹಿಡುವಳಿಯ ಶೇಕಡಾ 10ಕ್ಕೆ ಮೀರದಂತೆ ತೋಟದ ಮನೆ ಕಟ್ಟಿಕೊಳ್ಳಲು ಅದೇ ಕಲಮು ಅವಕಾಶ ಕೊಡುತ್ತದೆ. ಅದನ್ನು ವಾಣಿಜ್ಯಕ್ಕೆ ಬಳಸುವಂತಿಲ್ಲ. ಐವತ್ತು ಸೆಂಟ್ಸ್ ಹಿಡುವಳಿಯಾದರೆ ಐದು ಸೆಂಟ್ಸ್ ಎಂದರ್ಥ. ಸಾಲ ಬೇಡದ, ತನ್ನ ತೋಟದಲ್ಲಿಯೇ ವಾಸಿಸುವ ಕೃಷಿಕನಿಗೆ ಇದು ಉಪಯುಕ್ತ. ಸಾಲ ಬೇಕಾದವರು ಮಾತ್ರ ಬ್ಯಾಂಕು ಯಾವ ದಾಖಲೆ ಕೇಳುತ್ತದೆಂದು ಮೊದಲೇ ವಿಚಾರಿಸಿಕೊಳ್ಳಬೇಕು, ಏಕೆಂದರೆ ಹೆಚ್ಚಿನ ಬ್ಯಾಂಕುಗಳು ಪರಿವರ್ತಿತ ಜಾಗವನ್ನೇ ಬಯಸುತ್ತವೆ.

ಕುಮ್ಕಿಯ ಬಗ್ಗೆ ಭ್ರಮೆ ಇರಬಾರದು. ವರ್ಗದ ಜಮೀನಿಗೆ ಹೊಂದಿಕೊಂಡ ಸರಕಾರಿ ಜಾಗದಲ್ಲಿ ಸೊಪ್ಪು, ದರಲೆ, ಹುಲ್ಲು, ಕಟ್ಟಿಗೆ ಪಡೆಯುವ ಸವಲತ್ತು ಅದು, ಒಡೆತನವಲ್ಲ. ಅಲ್ಲಿ ಈಗಾಗಲೇ ಮನೆ ಇರುವವರು 94ಸಿ ಅಡಿಯಲ್ಲಿ ತಮಗೆ ಹಕ್ಕುಪತ್ರ ಸಿಗಬಹುದೇ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಬೇಕು. ಹಕ್ಕುಪತ್ರ ಕೈಸೇರುವ ಮೊದಲು ಹಳೆಯ ಮನೆಯನ್ನು ಕೆಡವಿದರೆ, ತಾನು ಅಲ್ಲಿ ವಾಸವಿದ್ದೆ ಎಂಬುದಕ್ಕಿದ್ದ ದೊಡ್ಡ ಸಾಕ್ಷಿಯನ್ನೇ ಕೈಯಾರೆ ಅಳಿಸಿದಂತಾಗುತ್ತದೆ. ಸರ್ವೆ ನಂಬ್ರವು ಪರಿಭಾವಿತ ಅರಣ್ಯದ, ಅಂದರೆ ಜನರ ಮಾತಿನ ಡೀಮ್ಡ್ ಫಾರೆಸ್ಟಿನ, ಪಟ್ಟಿಯಲ್ಲಿದೆಯೇ ಎಂದೂ ನೋಡಿಕೊಳ್ಳಬೇಕು. 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟಿನ ಆದೇಶದಿಂದ ಹುಟ್ಟಿದ ಈ ಪಟ್ಟಿಯನ್ನು ರಾಜ್ಯ ಸರಕಾರ 2022ರಲ್ಲಿ ಪರಿಷ್ಕರಿಸಿದೆ. ಹಳೆಯ ಪಟ್ಟಿಯನ್ನು ನಂಬಿ ಹೆದರುವುದೂ ಬೇಡ, ಬಾಯಿಮಾತನ್ನು ನಂಬಿ ಧೈರ್ಯಗೊಳ್ಳುವುದೂ ಬೇಡ.

ಪಂಚಾಯತಿಯ ಲಿಖಿತ ಅನುಮತಿ ಹೊಸ ಮನೆಗೆ ಮಾತ್ರ ಬೇಕೆಂದು ಹಲವರು ತಿಳಿದಿದ್ದಾರೆ. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೆಯ ಕಲಮಿನ ಪ್ರಕಾರ ಇರುವ ಕಟ್ಟಡವನ್ನು ಮಾರ್ಪಡಿಸಲು, ಅದಕ್ಕೆ ಸೇರಿಸಿ ಕಟ್ಟಲು, ಪುನಃ ಕಟ್ಟಲು ಸಹ ಅನುಮತಿ ಬೇಕು. ಹೆಂಚು ಬದಲಿಸುವುದು, ಸುಣ್ಣ ಬಳಿಯುವುದು ನಿತ್ಯದ ನಿರ್ವಹಣೆ. ಹೊಸ ಕೋಣೆ ಸೇರಿಸುವುದು ಹಾಗಲ್ಲ. ನಮೂನೆ 9 ಮತ್ತು 11ಎ ಇದ್ದರೆ ಆಸ್ತಿ ಕ್ರಮಬದ್ಧವೆಂದು ತಿಳಿಯಬಹುದು. 11ಬಿ ಎಂಬುದು ತೆರಿಗೆ ಕಟ್ಟುವುದಕ್ಕೆ ದಾಖಲೆಯೇ ಹೊರತು ಲೋಪವನ್ನು ಸಕ್ರಮಗೊಳಿಸುವ ಪತ್ರವಲ್ಲ. ಮಧ್ಯವರ್ತಿಗಳು ಏನೇ ಹೇಳಲಿ, ಈ ವ್ಯತ್ಯಾಸವನ್ನು ಮರೆಯಬಾರದು. ಏಕನಿವೇಶನದ ವಿನ್ಯಾಸ ನಕ್ಷೆಗೆ ಅನುಮೋದನೆ ಕೊಡುವ ಅಧಿಕಾರ ಕಾಲಕಾಲಕ್ಕೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುತ್ತ ಬಂದಿದೆ. ನೆರೆಮನೆಯವರು ಐದು ವರ್ಷದ ಹಿಂದೆ ಪಡೆದ ದಾರಿಯಲ್ಲೇ ಹೋಗದೆ, ಇಂದಿನ ಕ್ರಮವನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯಿಂದ ತಿಳಿದುಕೊಂಡು, ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ಸರಕಾರಿ ವಸತಿ ಯೋಜನೆಯ ನೆರವು ನಿರೀಕ್ಷಿಸುವವರು ಕಾಮಗಾರಿ ಆದೇಶ ಬರುವ ಮೊದಲು ಕೆಲಸ ಆರಂಭಿಸಬಾರದು. ಅಡಿಪಾಯದಿಂದ ಮಾಡಿನವರೆಗೆ ಹಂತ ಹಂತವಾಗಿ ತೆಗೆದ ಛಾಯಾಚಿತ್ರಗಳ ಆಧಾರದ ಮೇಲೆಯೇ ಕಂತುಗಳು ಬಿಡುಗಡೆಯಾಗುತ್ತವೆ.

ಘಟ್ಟದ ಅಂಚಿನ ಗ್ರಾಮಗಳಲ್ಲಿ ಇನ್ನೊಂದು ಭಯವಿದೆ: ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಅಧಿಸೂಚನೆ ಬಂದರೆ ಮನೆಯ ಹೆಂಚು ಬದಲಿಸುವುದಕ್ಕೂ ಬಿಡುವುದಿಲ್ಲ ಎಂದು. ಕೇಂದ್ರ ಸರಕಾರ 2014ರಿಂದ ಈಚೆಗೆ ಮತ್ತೆ ಮತ್ತೆ ಹೊರಡಿಸಿದ, 2024ರ ಜುಲೈ 31ರಂದು ಆರನೆಯ ಬಾರಿ ಹೊರಡಿಸಿದ ಕರಡನ್ನು ಓದಬೇಕು. ಅದು ನಿಷೇಧಿಸುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಯೋಜನೆಗಳನ್ನು. ಈಗಿರುವ ವಾಸದ ಮನೆಗಳ ದುರಸ್ತಿ, ವಿಸ್ತರಣೆ, ನವೀಕರಣಗಳಿಗೆ ನಿರ್ಬಂಧವಿಲ್ಲ ಎಂದು ಕರಡೇ ಹೇಳುತ್ತದೆ. ಕರ್ನಾಟಕ ಸರಕಾರ ಈ ಕರಡನ್ನು ವಿರೋಧಿಸಿದೆ. ಪರ ವಿರೋಧ ಎರಡೂ ಇರಲಿ. ಆದರೆ ಗಣಿ ಮತ್ತು ದೊಡ್ಡ ಯೋಜನೆಗಳ ಹಿತ ಕಾಯುವುದಕ್ಕಾಗಿ ಬಡವನ ಹೆಂಚಿನ ಮಾಡನ್ನು ಗುರಾಣಿಯಂತೆ ಮುಂದೆ ಹಿಡಿಯುವುದು ನ್ಯಾಯವಲ್ಲ.

ಗುಡ್ಡ, ಬಾವಿ ಮತ್ತು ಗುಂಡಿ

ಹೊಸ ಜಾಗದಲ್ಲಿ ಕಟ್ಟುವವರು ಮಣ್ಣಿನ ಪದರಗಳನ್ನು ಅರಿತಿರಬೇಕು. 1801ರಲ್ಲಿ ಈ ಸೀಮೆಯ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್, ಅಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಇಂಥ ಕಲ್ಲಿಗೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಅದೇ ಮುರಕಲ್ಲು. ಗುಡ್ಡದ ಮೇಲ್ಪದರದಲ್ಲಿ ಈ ಗಟ್ಟಿ ಕಲ್ಲಿರುತ್ತದೆ. ಅದರ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣಿರುತ್ತದೆ. ಒಣಗಿದಾಗ ಶೇಡಿ ಕಲ್ಲಿನಂತೆ ಗಟ್ಟಿ. ನೀರು ತುಂಬಿದಾಗ ಬೆಣ್ಣೆಯಂತೆ ಮೆದು. ಬೇಸಿಗೆಯಲ್ಲಿ ಜೆಸಿಬಿ ತಂದು ಗುಡ್ಡವನ್ನು ನೆಟ್ಟಗೆ ಕಡಿದಾಗ ದರೆ ಗೋಡೆಯಂತೆ ನಿಂತಿರುವುದನ್ನು ಕಂಡು ಮೋಸಹೋಗಬಾರದು. ಮಳೆನೀರು ಮುರಕಲ್ಲಿನ ರಂಧ್ರಗಳಲ್ಲಿ ಇಳಿದು ಶೇಡಿಯನ್ನು ತಲುಪಿದಾಗ ಮೇಲಿನ ಭಾರವೆಲ್ಲ ಒಟ್ಟಿಗೆ ಜಾರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು ಕಲಿಸಿದ ಪಾಠ, ಕಡಿದ ಗುಡ್ಡ ಮತ್ತು ಎಡೆಬಿಡದ ಮಳೆ ಒಟ್ಟಾದರೆ ಏನಾಗುತ್ತದೆ ಎಂಬುದೇ.

ಗುಡ್ಡ ಕಡಿಯಲೇಬೇಕಾದರೆ ಆಳೆತ್ತರಕ್ಕಿಂತ ಹೆಚ್ಚು ನೆಟ್ಟಗೆ ಕಡಿಯದೆ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ದರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟೇ ದೂರವನ್ನು ಮನೆಗೂ ದರೆಯ ಬುಡಕ್ಕೂ ನಡುವೆ ಬಿಡಬೇಕು. ದರೆಯ ಮೇಲ್ಭಾಗದಲ್ಲಿ ಅಡ್ಡ ಚರಂಡಿ ತೋಡಿ ನೀರನ್ನು ಪಕ್ಕಕ್ಕೆ ಸಾಗಿಸಬೇಕು. ತಡೆಗೋಡೆ ಕಟ್ಟಿದರೆ ಅದರಲ್ಲಿ ನೀರು ಹೊರಬರಲು ತೂತುಗಳಿರಬೇಕು. ತೂತಿಲ್ಲದ ತಡೆಗೋಡೆ ನೀರಿನ ಒತ್ತಡವನ್ನು ಕೂಡಿಡುತ್ತದೆ. ಕಡಿದ ಮಣ್ಣನ್ನು ತಗ್ಗಿಗೆ ಸುರಿದು ಅದರ ಮೇಲೆ ಅದೇ ವರ್ಷ ಅಡಿಪಾಯ ಹಾಕುವುದು ಅಪಾಯಕರ.

ಪರಿಸರ ಕಾರ್ಯಕರ್ತರು ಸಹ ಒಂದು ಮಾತನ್ನು ತಿದ್ದಿಕೊಳ್ಳಬೇಕಾಗಿದೆ. ಇಂಗುಗುಂಡಿ ಒಳ್ಳೆಯದು, ಆದರೆ ಎಲ್ಲ ಕಡೆಯೂ ಅಲ್ಲ. ಕಡಿದ ದರೆಯ ಮೇಲ್ಭಾಗದಲ್ಲಿ, ಮನೆಯ ಹಿಂದಿನ ಕಡಿದಾದ ಇಳಿಜಾರಿನಲ್ಲಿ ನೀರಿಂಗಿಸುವುದು ಶೇಡಿಗೆ ನೀರುಣಿಸಿದಂತೆ. ಅಲ್ಲಿ ನೀರನ್ನು ನಿಧಾನವಾಗಿ ಹರಿಸಿ ಕೆಳಕ್ಕೆ ತಂದು, ಸಮತಟ್ಟಾದ ತೋಟದಲ್ಲಿ ಇಂಗಿಸಬೇಕು. 100 ಚದರ ಮೀಟರ್ ಮಾಡಿನ ಮೇಲೆ 4,000 ಮಿಲಿಮೀಟರ್ ಮಳೆ ಬಿದ್ದರೆ ಅದು ವರ್ಷಕ್ಕೆ 4 ಲಕ್ಷ ಲೀಟರ್ ನೀರು. ಇಷ್ಟು ನೀರಿಗೆ ದಾರಿ ತೋರಿಸದೆ ಮನೆಯ ನಕ್ಷೆ ಪೂರ್ಣವಾಗುವುದಿಲ್ಲ.

ನದಿಯ ಬಳಿಯ ತಗ್ಗಿಗೂ ಇದೇ ಎಚ್ಚರ ಬೇಕು. 2020ರ ಸೆಪ್ಟೆಂಬರ್ 20ರ ನೆರೆ ಉಡುಪಿ ಜಿಲ್ಲೆಯ ನದಿತೀರದವರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಗದ್ದೆಯಲ್ಲಿ ಮನೆ ಕಟ್ಟುವವರು ಅಂದು ನೀರು ಎಲ್ಲಿಯವರೆಗೆ ಏರಿತ್ತೆಂದು ಹಿರಿಯರಿಂದ ಕೇಳಿ, ಪಂಚಾಂಗವನ್ನು ಅದಕ್ಕಿಂತ ಮೇಲೆ ಎತ್ತರಿಸಬೇಕು. ಗದ್ದೆಗೆ ಮಣ್ಣು ತುಂಬುವಾಗ ಹಳೆಯ ತೋಡನ್ನು ಮುಚ್ಚಿದರೆ ತನ್ನ ಮನೆ ಉಳಿದೀತು, ನೆರೆಮನೆ ಮುಳುಗೀತು.

ಬಾವಿ ಮತ್ತು ಶೌಚದ ಗುಂಡಿಯ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಕುಡಿಯುವ ನೀರಿನ ಬಾವಿಯಿಂದ ಇಂಗುಗುಂಡಿಯವರೆಗೆ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರ ಬೇಕು. ರಂಧ್ರಗಳಿರುವ ಮುರಕಲ್ಲಿನಲ್ಲಿ ಕೊಳೆನೀರು ಬೇಗ ಹರಿಯುವುದರಿಂದ ಇನ್ನೂ ಹೆಚ್ಚಿದ್ದರೆ ಒಳ್ಳೆಯದು, ಮತ್ತು ಗುಂಡಿ ಬಾವಿಗಿಂತ ಕೆಳಗಿನ ಇಳಿಜಾರಿನಲ್ಲಿರಬೇಕು. ಈಗ ಐದೈದು ಸೆಂಟ್ಸಿನ ನಿವೇಶನಗಳು ಹೆಚ್ಚುತ್ತಿವೆ. ಚೌಕಾಕಾರದ ಐದು ಸೆಂಟ್ಸಿನ ಒಂದು ಬದಿ ಸುಮಾರು 47 ಅಡಿ. ಮೂಲೆಯಿಂದ ಮೂಲೆಗೆ ಅಳೆದರೆ ಮಾತ್ರ 60 ಅಡಿ ದಾಟುತ್ತದೆ, ಅದೂ ನೆರೆಯವರ ಗುಂಡಿಯನ್ನು ಲೆಕ್ಕಕ್ಕೆ ಹಿಡಿಯದೆ. ಹಾಗಾಗಿ ಚಿಕ್ಕ ನಿವೇಶನಗಳ ನೆರೆಹೊರೆಯವರು ನಾಲ್ಕು ಬಾವಿ, ನಾಲ್ಕು ಗುಂಡಿ ತೋಡುವ ಬದಲು ಮೇಲ್ಭಾಗದಲ್ಲಿ ಒಂದು ಬಾವಿಯನ್ನು ಹಂಚಿಕೊಂಡು, ಗುಂಡಿಗಳನ್ನೆಲ್ಲ ಕೆಳಭಾಗದಲ್ಲಿ ಇಟ್ಟುಕೊಳ್ಳುವುದೇ ಆರೋಗ್ಯಕರ ದಾರಿ. ಇದಕ್ಕೆ ಯಂತ್ರ ಬೇಡ, ಹಣ ಬೇಡ. ನೆರೆಯವರೊಡನೆ ಮಾತು ಬೇಕು.

ಕಾಲದ ಕ್ರಮ

ಬೇಸಾಯಕ್ಕೆ ಇರುವಂತೆ ಮನೆಗೂ ಕಾಲವಿದೆ. ಮಳೆಗಾಲ ಪರೀಕ್ಷೆಯ ಕಾಲ, ಅರ್ಜಿ ಕೊಡುವ ಕಾಲ. ಗದ್ದೆ ಕೊಯ್ಲಾಗಿ ದೀಪಾವಳಿ ಕಳೆದ ಮೇಲೆ, ಅನುಮತಿ ಕೈಗೆ ಬಂದಿದ್ದರೆ ಮಾತ್ರ, ಕಲ್ಲು ಮರಳು ತರಿಸಬಹುದು. ಸೌರ ಯುಗಾದಿಯ ಹೊತ್ತಿಗೆ ಮಾಡು ಮುಗಿದಿದ್ದರೆ ರೋಹಿಣಿ ಮಳೆಗೆ ಮೊದಲು ಗೋಡೆ ಒಣಗುತ್ತದೆ. ಅನುಮತಿ ಶಿವರಾತ್ರಿಯವರೆಗೂ ಬಾರದಿದ್ದರೆ ಆ ವರ್ಷ ಹಳೆಯ ಮನೆಯ ಹೆಂಚು ಸರಿಪಡಿಸಿಕೊಂಡು ಮುಂದಿನ ವರ್ಷಕ್ಕೆ ಕಾಯುವುದು ಸೋಲಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ನೆರೆಯ ಅಜ್ಜಿಯ ಮನೆಯ ಸೋರುವ ಜಾಗಗಳನ್ನು, ಬಿರುಕುಗಳನ್ನು, ಬಾವಿಗೂ ಗುಂಡಿಗೂ ಇರುವ ಅಂತರವನ್ನು, ಹಿಂದಿನ ದರೆಯ ಎತ್ತರವನ್ನು ಈ ಮಳೆಗಾಲದಲ್ಲಿ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅದರ ಜೊತೆಗೆ ಪಹಣಿಯ ಒಂದು ಪ್ರತಿಯನ್ನು ತೆಗೆದು ಹಿರಿಯರಿಗೆ ಓದಿ ಹೇಳಬೇಕು. ತಮ್ಮದೇ ಜಾಗದ ಪಹಣಿಯನ್ನು ಪೂರ್ತಿ ಓದದ ಹಿರಿಯರು ಅನೇಕರಿದ್ದಾರೆ. ದೀಪಾವಳಿಯ ಹೊತ್ತಿಗೆ ಆ ಪುಸ್ತಕವನ್ನು ಮುಂದಿಟ್ಟುಕೊಂಡು ಮನೆಯವರೆಲ್ಲ ಚಾವಡಿಯಲ್ಲಿ ಕುಳಿತರೆ, ಕೆಡವಬೇಕೇ ಉಳಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಬಹುತೇಕ ಅದರಲ್ಲೇ ಇರುತ್ತದೆ.